ಹಳೆಯ ಕಾರಿನ ಸ್ಟೇರಿಂಗ್ ಚಕ್ರ ಮತ್ತು ಅದರ ಜೀರ್ಣೋದ್ಧಾರ

ಬಿರುಕು ಬಿಟ್ಟ, ಬಣ್ಣಗೆಟ್ಟ, ಒಳಗೊಳಗೇ ತುಕ್ಕು ಹಿಡಿದ ಸ್ಟೇರಿಂಗ್ ಚಕ್ರವನ್ನು ಅದರ ಮೂಲ ಉಕ್ಕನ್ನೂ ಉಳಿದಷ್ಟು ಮೂಲ ಹೊದಿಕೆಯನ್ನೂ ಕಾಯ್ದುಕೊಂಡು ಮತ್ತೆ ಗಾಡಿ ಓಡಿಸಲು ತಕ್ಕ ಸ್ಥಿತಿಗೆ ತರುವುದನ್ನು ಚಕ್ರದ ಜೀರ್ಣೋದ್ಧಾರ ಎನ್ನಬಹುದು. ಸಾಮಾನ್ಯವಾಗಿ ಇದನ್ನು ಬಣ್ಣದ ಕೆಲಸವೆಂದೇ ತಿಳಿಯುತ್ತಾರೆ. ಗಾಡಿ ಡೆಂಟಿಂಗ್-ಪೇಂಟಿಂಗ್‌ಗೆ ಹೋದಾಗ ಬಾಗಿಲು, ಬಾನೆಟ್ಟುಗಳ ಜತೆಗೆ ಚಕ್ರಕ್ಕೂ ಒಂದಿಷ್ಟು ಪುಟ್ಟಿ ಮೆತ್ತಿ, ಮೇಲೊಂದು ಕೋಟು ಹೊಡೆದರೆ ಮುಗಿಯಿತೆಂಬ ನಂಬಿಕೆ ಗ್ಯಾರೇಜಿನವರಲ್ಲೂ ಇದೆ, ಮಾಲೀಕರಲ್ಲೂ ಇದೆ. ಹಾಗೆ ಮಾಡಿದ ಚಕ್ರ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ. ಬಿರುಕು ಹುಟ್ಟುವುದು ಮೇಲ್ಮೈಯಲ್ಲಿ ಅಲ್ಲವಾದ್ದರಿಂದ ಮೇಲಿನಿಂದ ಮಾಡಿದ ಉಪಚಾರ ಅದಕ್ಕೆ ತಾಗುವುದಿಲ್ಲ. ಒಳಗಿನ ಉಕ್ಕಿನ ಬಳೆಯಿಂದ ಹೊರಟು ಹೊರಮೈಗೆ ಬರುವ ದುರಸ್ತಿ ಮಾತ್ರ ಬಾಳುತ್ತದೆ, ಹಾಗೂ ಅಂಥ ದುರಸ್ತಿ ಸಾಧ್ಯವಿರುವ ತನಕ ಜೋಪಾನ ಮಾಡುವ ಗಾಡಿಯ ಹಳೆಯ ಚಕ್ರವನ್ನು ಬಿಸಾಡಿ ಹೊಸದನ್ನು ಹಾಕುವುದಕ್ಕೆ ಸಮರ್ಥನೆ ಇಲ್ಲ ಎಂಬುದು ಈ ಲೇಖನದ ನಿಲುವು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಡುವಿನ ಗಡಿನಾಡನ್ನು, ಅದರಲ್ಲೂ ಶಿರೋಳ ತಾಲೂಕಿನ ನಾಂದಣಿಯ ಸುತ್ತಲಿನ ಸೀಮೆಯನ್ನು, ಈ ವಾದಕ್ಕೆ ನೆಲವಾಗಿ ಇಟ್ಟುಕೊಳ್ಳಲಾಗಿದೆ. ಚಕ್ರವನ್ನು ಕೆಡಿಸುವ ಬಿಸಿಲು, ನೀರು ಮತ್ತು ಅದನ್ನು ಸರಿಪಡಿಸಬಲ್ಲ ಕಸುಬುಗಳು ಎರಡೂ ಇಲ್ಲಿ ಒಂದೇ ಸೀಮೆಯಲ್ಲಿ ಸಿಗುತ್ತವೆ.

ಈ ಭಾಗದಲ್ಲಿ ಹಳೆಯ ಕಾರೆಂದರೆ ಮೊದಲು ನೆನಪಾಗುವುದು ಕೊಲ್ಹಾಪುರದ ದಸರೆ. ರಾಜಮನೆತನದವರು 1930ರ ದಶಕದ ಮೇಬ್ಯಾಕ್ ಕಾರಿನಲ್ಲಿ ದಸರಾ ಚೌಕಕ್ಕೆ ಬರುವ ವಾಡಿಕೆ ಇನ್ನೂ ನಡೆದಿದೆ. ಅಂಥ ಗಾಡಿಗಳ ಆರೈಕೆಗೆ ಹಣವೂ ಗಮನವೂ ಹೇಗೋ ಒದಗುತ್ತದೆ. ಜೀರ್ಣೋದ್ಧಾರದ ನಿಜವಾದ ಪ್ರಶ್ನೆ ಇರುವುದು ಕಬ್ಬಿನ ಗದ್ದೆಯ ಮನೆಗಳ ಪಡಸಾಲೆಯಲ್ಲೋ ಹಿತ್ತಿಲ ತಗಡಿನ ಚಪ್ಪರದಲ್ಲೋ ನಿಂತಿರುವ ಅಂಬಾಸಿಡರ್, ಫಿಯೆಟ್, ಜೀಪುಗಳದ್ದು. ಅವುಗಳ ಹಿಂದೆ ಒಂದು ಇತಿಹಾಸವಿದೆ. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸಲು ಆರಂಭಿಸಿತ್ತು. ಬಿಡಿಭಾಗ ತರಿಸಿ ಇಲ್ಲಿ ಬರೀ ಜೋಡಿಸುವ ಕಂಪನಿಗಳಿಗೆ ಸರಕಾರದ ಹೊಸ ಧೋರಣೆಯಲ್ಲಿ ಎಡೆ ಇಲ್ಲದಾಗಿ, 1954ರ ಹೊತ್ತಿಗೆ ಅದೂ ಫೋರ್ಡೂ ಕಾಲ್ತೆಗೆದವು. ಉಳಿದವರಲ್ಲಿ ಮುಖ್ಯರು ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್, ಜೀಪು ಮಾಡುತ್ತಿದ್ದ ಮಹೀಂದ್ರಾ, ಮದ್ರಾಸಿನ ಸ್ಟ್ಯಾಂಡರ್ಡ್ ಮತ್ತು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್. ಪ್ರೀಮಿಯರ್‌ನ ಫಿಯೆಟ್ 1100 ಮುಂದೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಅಂಬಾಸಿಡರ್ 2014ರ ತನಕ ತಯಾರಾಯಿತು. ಹೊಸ ಬಿಡಿಭಾಗ ಸುಲಭಕ್ಕೆ ಸಿಗದ ಆ ದಶಕಗಳಲ್ಲಿ ಮಿಸ್ತ್ರಿಗಳು ಕೆಟ್ಟದ್ದನ್ನು ತೆಗೆದೆಸೆಯುತ್ತಿರಲಿಲ್ಲ, ತಿದ್ದುತ್ತಿದ್ದರು. ಎಂಜಿನ್ನು, ಗೇರ್‌ಬಾಕ್ಸುಗಳ ವಿಷಯದಲ್ಲಿ ಆ ವಿದ್ಯೆ ಇನ್ನೂ ಜೀವಂತವಾಗಿದೆ. ಸ್ಟೇರಿಂಗ್ ಚಕ್ರಕ್ಕೆ ಮಾತ್ರ ಅದು ದಾಟಿ ಬಂದಿಲ್ಲ. ರೆಗ್ಜಿನ್ ಕವರು ಹಾಕಿ ಬಿರುಕನ್ನು ಮುಚ್ಚುವ ಸುಲಭದ ದಾರಿ ಇದ್ದುದೇ ಬಹುಶಃ ಇದಕ್ಕೆ ಕಾರಣ.

ಕಾರಿಗೆ ಸ್ಟೇರಿಂಗ್ ಚಕ್ರ ಬಂದದ್ದು ತುಸು ತಡವಾಗಿ. ಮೊದಮೊದಲ ಗಾಡಿಗಳಲ್ಲಿ ದೋಣಿಯ ಚುಕ್ಕಾಣಿಯಂಥ ಹಿಡಿಕೆ ಇತ್ತು. 1894ರ ಪ್ಯಾರಿಸ್–ರುವಾನ್ ಓಟದಲ್ಲಿ ಆಲ್‌ಫ್ರೆಡ್ ವಾಶೆರೋನ್ ತನ್ನ ಪನಾರ್ ಕಾರಿಗೆ ಚಕ್ರ ಹಾಕಿಕೊಂಡು ಬಂದ. ಐದಾರು ವರ್ಷದೊಳಗೆ ಅದು ರೂಢಿಯಾಯಿತು. ಆರಂಭದ ಚಕ್ರಗಳ ರಿಮ್ಮು ಕಟ್ಟಿಗೆಯದು. ಆಮೇಲೆ ಉಕ್ಕಿನ ಬಳೆಯ ಮೇಲೆ ಗಟ್ಟಿ ರಬ್ಬರು ಎರಕ ಹೊಯ್ಯುವ ಪದ್ಧತಿ ಬಂತು. ಮೆದು ರಬ್ಬರಿಗೆ ತೂಕದ ಮೂರರಲ್ಲೊಂದು ಪಾಲಿನಷ್ಟು ಗಂಧಕ ಸೇರಿಸಿ ಬೇಯಿಸಿದರೆ ಅದು ಕರಿಕಲ್ಲಿನಂತೆ ಗಟ್ಟಿಯಾಗುತ್ತದೆ. ಎಬೊನೈಟ್ ಎನ್ನುವುದು ಇದನ್ನೇ. 1930ರ ದಶಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕು ಮುನ್ನುಗ್ಗಿತು. ಅಮೆರಿಕದ ಟೆನೆಸಿ ಈಸ್ಟ್‌ಮನ್ ಕಂಪನಿ ಇದನ್ನು ಟೆನೈಟ್ ಎಂಬ ಹೆಸರಿನಲ್ಲಿ ಮಾರಿತು. ಹತ್ತಿ ಮತ್ತು ಕಟ್ಟಿಗೆಯ ನಾರಿನಿಂದ ಬಂದ ಈ ವಸ್ತುವಿಗೆ ಯಾವ ಬಣ್ಣ ಬೇಕಾದರೂ ಕೂಡಿಸಬಹುದಿತ್ತು. ದಂತದ ಬಿಳುಪು, ತಿಳಿಹಸಿರು, ಕೆನೆಬಣ್ಣದ ಚಕ್ರಗಳು ಸಾಧ್ಯವಾದದ್ದು ಅದರಿಂದಲೇ. ತೆಳು ಉಕ್ಕಿನ ತಂತಿಗಳನ್ನೇ ಕಡ್ಡಿಗಳಾಗಿ ಮಾಡಿದ ಬ್ಯಾಂಜೊ ಚಕ್ರಗಳೂ ಅದೇ ಕಾಲದವು; ಕಚ್ಚಾ ರಸ್ತೆಯ ಅದುರನ್ನು ಆ ತಂತಿಗಳು ನುಂಗುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರದ ಜನಸಾಮಾನ್ಯರ ಕಾರುಗಳಲ್ಲಿ ಉಕ್ಕಿನ ಬಳೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ ಸಾಮಾನ್ಯವಾಯಿತು. ಇಟಲಿಯ ನಾರ್ಡಿಯಂಥ ಕಟ್ಟಿಗೆಯ ಚಕ್ರಗಳು 1950ರ ದಶಕದಿಂದ ಓಟದ ಕಾರುಗಳ ಅಲಂಕಾರವಾದವು. ನಾಂದಣಿಯ ಕಡೆ ಸಿಗುವ ಬಹುಪಾಲು ಚಕ್ರಗಳು ಉಕ್ಕಿನ ಬಳೆ, ಗಟ್ಟಿ ಹೊದಿಕೆಯ ವರ್ಗಕ್ಕೇ ಸೇರಿದವೆಂದು ಭಾವಿಸಿದರೆ ತಪ್ಪಾಗಲಾರದು. ಆದ್ದರಿಂದ ಮುಂದಿನ ವಿವರಣೆ ಹೆಚ್ಚಾಗಿ ಅವುಗಳ ಸುತ್ತಲೇ ಇದೆ.

ಬಿರುಕಿನ ಮೂಲವನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. 40 ಸೆಂ.ಮೀ. ಅಡ್ಡಳತೆಯ ಚಕ್ರದ ಸುತ್ತಳತೆ ಸುಮಾರು 126 ಸೆಂ.ಮೀ. ಕೊಲ್ಹಾಪುರ ಸೀಮೆಯ ಚಳಿಗಾಲದ ನಸುಕಿನಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಚಕ್ರ 65 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಈ 50 ಡಿಗ್ರಿ ಏರಿಕೆಗೆ ಒಳಗಿನ ಉಕ್ಕಿನ ಬಳೆ ಮುಕ್ಕಾಲು ಮಿ.ಮೀ.ನಷ್ಟು ಹಿಗ್ಗುತ್ತದೆ. ಸೆಲ್ಯುಲೋಸ್ ಅಸಿಟೇಟಿನ ಹಿಗ್ಗು ಉಕ್ಕಿನದಕ್ಕಿಂತ ಹತ್ತು ಪಟ್ಟು ಎಂದು ಹಿಡಿದರೆ, ಹೊದಿಕೆ ತನ್ನಷ್ಟಕ್ಕೆ ಬಿಟ್ಟಿದ್ದರೆ ಏಳೂವರೆ ಮಿ.ಮೀ. ಉದ್ದವಾಗಬೇಕು. ಎಬೊನೈಟಿನಲ್ಲಿ ಅಂತರ ಇದಕ್ಕಿಂತ ಕಡಿಮೆ, ಉಕ್ಕಿನ ಐದಾರು ಪಟ್ಟು. ತಂಪಾಗುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ, ಅನಾಹುತ ಆಗುವುದು ಆಗಲೇ. ಹೊದಿಕೆ ಕುಗ್ಗಲು ನೋಡುತ್ತದೆ, ಉಕ್ಕು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕನ್ನು ಬಿಸಿಯಾಗಿಯೇ ಬಳೆಯ ಮೇಲೆ ಹೊಯ್ದಿರುವುದರಿಂದ ಹೊಸ ಚಕ್ರದಲ್ಲೂ ಈ ಎಳೆತ ಮೊದಲ ದಿನದಿಂದಲೇ ಇರುತ್ತದೆ. ಮೊದಮೊದಲು ಪ್ಲಾಸ್ಟಿಕ್ಕಿನಲ್ಲಿ ಕೂಡಿಸಿದ ಮೆದುಗಾರಕ ದ್ರವ್ಯ ಆ ಎಳೆತವನ್ನು ಸಹಿಸಿಕೊಳ್ಳುವಂತೆ ಮಾಡುತ್ತದೆ. ವರ್ಷಗಳು ಉರುಳಿದಂತೆ ಅದು ಆವಿಯಾಗಿ ಹೋಗಿ, ಹೊದಿಕೆ ಇನ್ನಷ್ಟು ಕುಗ್ಗುತ್ತದೆ, ಜತೆಗೆ ಪೆಡಸಾಗುತ್ತದೆ. ಕಡ್ಡಿಗಳು ರಿಮ್ಮಿಗೆ ಸೇರುವ ಜಾಗದಲ್ಲಿ ಹೊದಿಕೆ ಅತ್ತಿತ್ತ ಸರಿಯಲು ಎಡೆಯೇ ಇಲ್ಲ. ಅದರಿಂದಲೇ ಯಾವುದೇ ಊರಿನ ಯಾವುದೇ ಹಳೆಯ ಚಕ್ರವನ್ನು ನೋಡಿದರೂ ಮೊದಲ ಬಿರುಕು ಕಡ್ಡಿಯ ಬುಡದಲ್ಲಿ, ರಿಮ್ಮಿಗೆ ಅಡ್ಡವಾಗಿ, ಬಳೆ ತೊಟ್ಟಂತೆ ಬಿದ್ದಿರುತ್ತದೆ. ಮುಪ್ಪಿನಿಂದ ಮೇಲ್ಮೈ ಸವೆದು ಬಿರುಕು ಬಂದಿದ್ದರೆ ಅದು ಬಿಸಿಲು ಹೆಚ್ಚು ಬೀಳುವ ಮೇಲಿನ ಅರ್ಧದಲ್ಲಷ್ಟೇ ಇರಬೇಕಿತ್ತು. ಕೆಳಗಿನ ಕಡ್ಡಿಯ ಬುಡವೂ ಹಾಗೆಯೇ ಸೀಳಿರುವುದು ಎಳೆತದ ಕಾರಣಕ್ಕೆ ನೇರ ಸಾಕ್ಷಿ.

ಬಿರುಕು ಬಿದ್ದ ಮೇಲೆ ಉಳಿದ ಶತ್ರುಗಳು ಒಳಗೆ ಬರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಮೇಲ್ಮೈಯನ್ನು ಸುಣ್ಣದಂತೆ ಪುಡಿಯಾಗಿಸುತ್ತದೆ. ಅಂಗೈ ಬೆವರಿನ ಉಪ್ಪು ಬಿರುಕಿನೊಳಗೆ ಇಳಿದು ಉಕ್ಕಿಗೆ ತುಕ್ಕು ತರುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಹೊದಿಕೆಯನ್ನು ಒಳಗಿನಿಂದ ಒತ್ತಿ ಸಿಗಿಯುತ್ತದೆ. ಸೆಲ್ಯುಲೋಸ್ ಅಸಿಟೇಟ್ ತೇವದಲ್ಲಿ ಒಡೆದಾಗ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆ ಆಮ್ಲವೇ ಮುಂದಿನ ಒಡೆತಕ್ಕೆ ಇಂಬು ಕೊಡುತ್ತದೆ. ಬಹುಕಾಲ ಮುಚ್ಚಿಟ್ಟ ಕಾರಿನ ಬಾಗಿಲು ತೆಗೆದಾಗ ಹುಳಿವಾಸನೆ ಬಂದರೆ ಚಕ್ರವನ್ನು ಅನುಮಾನಿಸಬೇಕು. ಎಬೊನೈಟಿನ ಗಂಧಕ ಬೆಳಕು, ತೇವಗಳಲ್ಲಿ ಗಂಧಕಾಮ್ಲವಾಗುತ್ತ, ಕಪ್ಪು ಚಕ್ರ ಕಂದು-ಹಸಿರಿಗೆ ತಿರುಗುತ್ತದೆ. ಶಿರೋಳ ತಾಲೂಕಿಗೆ ಇವೆಲ್ಲದರ ಮೇಲೆ ಇನ್ನೊಂದು ಕೇಡು ಇದೆ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುವುದು ಇಲ್ಲಿಯೇ. 2005, 2019, 2021ರ ಮಹಾಪೂರಗಳಲ್ಲಿ ನದಿಪಾತ್ರದ ಊರುಗಳು ದಿನಗಟ್ಟಲೆ ನೀರಿನಲ್ಲಿದ್ದವು. ಮುಳುಗಿದ ಗಾಡಿಯ ಎಂಜಿನ್ನನ್ನು ಬಿಚ್ಚಿ ತೊಳೆಸುವ ಎಚ್ಚರ ಎಲ್ಲರಿಗೂ ಇರುತ್ತದೆ. ಚಕ್ರದ ಬಿರುಕಿನಲ್ಲಿ ಸೇರಿದ ಹೂಳುನೀರು ಮಾತ್ರ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಖಂಡೇನವಮಿಯ ವಾಹನಪೂಜೆಯ ಗುರುತೂ ಇಲ್ಲಿನ ಚಕ್ರಗಳ ಮೇಲೆ ಸಿಗುತ್ತದೆ. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ. ಕೃತಕ ಬಣ್ಣ ಬೆರೆಸಿದ ಕುಂಕುಮ ಕೆನೆಬಣ್ಣದ ಪ್ಲಾಸ್ಟಿಕ್ಕಿನೊಳಗೆ ಇಳಿದರೆ ತಿಕ್ಕಿದರೂ ಹೋಗುವುದಿಲ್ಲ. ಜೀಪು, ಟ್ರಕ್ಕುಗಳ ಚಾಲಕರು ರಿಮ್ಮಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ವೈರು ಸುತ್ತುವ ರೂಢಿಗೆ ಎರಡು ಮುಖಗಳಿವೆ: ಅದು ಬಿಸಿಲನ್ನು ತಡೆದು ಅನೇಕ ಚಕ್ರಗಳ ಬಣ್ಣ ಉಳಿಸಿದೆ, ಬೆವರನ್ನು ಹಿಡಿದಿಟ್ಟು ಅಷ್ಟೇ ಚಕ್ರಗಳ ಉಕ್ಕನ್ನು ತಿಂದಿದೆ.

ಕೆಲಸ ಶುರುವಾಗುವುದು ಚಕ್ರವನ್ನು ಕಳಚುವುದರಿಂದ, ಹೆಚ್ಚು ಹಾನಿ ಆಗುವುದೂ ಆಗಲೇ. ಬ್ಯಾಟರಿಯ ತಂತಿ ಬಿಡಿಸಿ, ಹಾರನ್ನಿನ ಗುಂಡಿ ತೆಗೆದರೆ ನಡುವೆ ದೊಡ್ಡ ನಟ್ಟು ಕಾಣುತ್ತದೆ. ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿ, ಸ್ಟೇರಿಂಗ್ ಕಂಬದ ತುದಿಗೂ ಚಕ್ರದ ನಡುವಿನ ಗುಂಬಕ್ಕೂ (ಹಬ್) ಎದುರುಬದುರಾಗಿ ಗುರುತು ಹಾಕಿಕೊಂಡ ಮೇಲೆಯೇ ನಟ್ಟು ಸಡಿಲಿಸಬೇಕು. ಕಂಬದ, ಗುಂಬದ ಹಲ್ಲುಗಳು ದಶಕಗಳಿಂದ ಕಚ್ಚಿಕೊಂಡಿರುವುದರಿಂದ ಚಕ್ರ ಸಲೀಸಾಗಿ ಬರುವುದಿಲ್ಲ. ಆಗ ಸುತ್ತಿಗೆ ಎತ್ತುವುದು ಗ್ಯಾರೇಜಿನ ಅಭ್ಯಾಸ. ಅಂಬಾಸಿಡರಿನ ಸ್ಟೇರಿಂಗ್ ರ‍್ಯಾಕ್-ಪಿನಿಯನ್ ಬಗೆಯದು, ಫಿಯೆಟ್ 1100ರದು ವರ್ಮ್ ಗೇರಿನ ಬಗೆಯದು. ಎರಡರಲ್ಲೂ ಕಂಬದ ತುದಿಗೆ ಬಿದ್ದ ಪೆಟ್ಟು ನೇರ ಕೆಳಗಿನ ಬೇರಿಂಗಿಗೆ ಹೋಗಿ ತಾಗುತ್ತದೆ. ಜನರಲ್ ಮೋಟರ್ಸ್ 1967ರ ಮಾದರಿಗಳಿಂದ ತಂದ, ಡಿಕ್ಕಿಯಲ್ಲಿ ಕುಸಿದು ಎದೆಗೆ ಬೀಳುವ ಪೆಟ್ಟನ್ನು ತಗ್ಗಿಸುವ ಬಗೆಯ ಕಂಬಗಳಿದ್ದರಂತೂ ಸುತ್ತಿಗೆ ಅವುಗಳ ಜೀವರಕ್ಷಕ ಗುಣವನ್ನೇ ಹಾಳುಮಾಡುತ್ತದೆ. ಸುತ್ತಿಗೆಯ ಬದಲು ಚಕ್ರವನ್ನು ಎಳೆದು ಬಿಡಿಸುವ ಎರಡು ಕಾಲಿನ ಪುಲ್ಲರು ಬೇಕು; ಅದನ್ನು ಇಚಲಕರಂಜಿಯ ಯಾವುದೇ ಲೇಥ್ ಅಂಗಡಿ ಅರ್ಧ ದಿನದಲ್ಲಿ ಮಾಡಿಕೊಡಬಲ್ಲದು. ಮಗ್ಗದ ಬಿಡಿಭಾಗ ಕಡೆಯುವ ಕೈಗಳಿಗೆ ಅದು ದೊಡ್ಡ ಕೆಲಸವಲ್ಲ. ಪುಲ್ಲರು ಗುಂಬವನ್ನು ಹಿಡಿಯಬೇಕೇ ಹೊರತು ರಿಮ್ಮನ್ನೂ ಕಡ್ಡಿಯನ್ನೂ ಅಲ್ಲ. ಕಳಚಿದ ಮೇಲೆ ಒಳಗಿನ ಉಕ್ಕನ್ನು ಪರೀಕ್ಷಿಸದೆ ಮುಂದಡಿ ಇಡಬಾರದು. ಗುಂಬವನ್ನು ವೈಸಿನಲ್ಲಿ ಬಿಗಿದು ರಿಮ್ಮನ್ನು ಎರಡೂ ಕೈಯಿಂದ ಮೇಲೆ ಕೆಳಗೆ ಒತ್ತಿದಾಗ ಕಡ್ಡಿಯ ಬುಡದಲ್ಲಿ ಕಿರುಗುಟ್ಟಿದರೆ ಬೆಸುಗೆ ಸೋತಿದೆ ಎಂದರ್ಥ. ಬಿರುಕಿನಲ್ಲಿ ಕಂದು ಪುಡಿ ಉದುರಿದರೆ ಹೊದಿಕೆಯನ್ನು ಅಷ್ಟಗಲ ತೆಗೆದು ಉಕ್ಕು ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡಬೇಕು.

ಇನ್ನು ಬಿರುಕಿನ ಚಿಕಿತ್ಸೆ. ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕು. ಒಂದು ಕಡ್ಡಿಯ ಬುಡದ ಬಿರುಕನ್ನೇ ತೆಗೆದುಕೊಳ್ಳೋಣ: ಕೂದಲೆಳೆಗಿಂತ ತುಸು ಅಗಲ, ಒಳಗೆಲ್ಲ ಕಪ್ಪು ಜಿಡ್ಡು. ಅದರ ಮೇಲೆ ಪುಟ್ಟಿ ಎಳೆದರೆ ಅದು ಬಾಯಲ್ಲೇ ನಿಲ್ಲುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಆದ್ದರಿಂದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದಲೋ ತ್ರಿಕೋನದ ಅರದಿಂದಲೋ ಬಿರುಕನ್ನು ಉಕ್ಕು ಕಾಣುವ ತನಕ, ಮೇಲೆ ಐದಾರು ಮಿ.ಮೀ. ಅಗಲ ಬರುವಂತೆ ಇಳಿಜಾರಾಗಿ ಬಿಡಿಸಬೇಕು. ಚೆನ್ನಾಗಿದ್ದ ಹೊದಿಕೆಯನ್ನು ಕೊಯ್ಯುವುದು ಮೊದಲ ಸಲ ನೋಡಿದವರಿಗೆ ಅಕ್ರಮವೆಂದೇ ಕಾಣುತ್ತದೆ. ತಳದಲ್ಲಿ ಒಂದಿಷ್ಟು ಒಳಗೊತ್ತಿ ಕೆತ್ತಿದರೆ ತುಂಬಿದ್ದು ಕೀಲಿನಂತೆ ಕಚ್ಚಿಕೊಳ್ಳುತ್ತದೆ. ಕಂಡ ಉಕ್ಕನ್ನು ಕೆರೆದು, ಫಾಸ್ಫರಿಕ್ ಆಮ್ಲದ ತುಕ್ಕುನಾಶಕ ಸವರಿ, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಬೇಕು. ತುಂಬಲು ಎಪಾಕ್ಸಿಯೇ ಸರಿ. ಅರಾಲ್ಡೈಟ್ ಬಗೆಯ ಅಂಟನ್ನು ಉಕ್ಕಿಗೆ ತೆಳುವಾಗಿ ಹಚ್ಚಿ, ಅದರ ಮೇಲೆ ಎಪಾಕ್ಸಿ ಪುಟ್ಟಿಯನ್ನು ತಳದಿಂದ ಒತ್ತುತ್ತ ಬಂದು, ಮೇಲ್ಮೈಗಿಂತ ಒಂದು ಮಿ.ಮೀ. ಎತ್ತರಕ್ಕೆ ಬಿಡುವುದು. ಬಾಡಿ ಕೆಲಸದ ಪಾಲಿಯೆಸ್ಟರ್ ಪುಟ್ಟಿ ಬೇಗ ಗಟ್ಟಿಯಾಗುತ್ತದೆಂದು ಬಳಸುವವರಿದ್ದಾರೆ. ಅದು ಗಟ್ಟಿಯಾಗುವಾಗ ಕುಗ್ಗುತ್ತದೆ, ಅದರ ಸ್ಟೈರೀನ್ ಹಳೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲೂ ಬಲ್ಲದು. ಯಾವ ಹೊತ್ತಿನಲ್ಲಿ ತುಂಬಬೇಕೆಂಬುದಕ್ಕೂ ಮೇಲಿನ ಹಿಗ್ಗು-ಕುಗ್ಗಿನ ಲೆಕ್ಕವೇ ಉತ್ತರ ಕೊಡುತ್ತದೆ. ಚಕ್ರ ತಣ್ಣಗಿದ್ದಾಗ ಬಿರುಕು ಪೂರಾ ಬಾಯಿ ತೆರೆದಿರುತ್ತದೆ. ಆಗ ತುಂಬಿದರೆ ಬಿಸಿಲೇರಿದಾಗ ಹೊದಿಕೆ ಹಿಗ್ಗಿ ತುಂಬಿದ್ದನ್ನು ಒತ್ತುತ್ತದೆ, ಒತ್ತಡವನ್ನು ಎಪಾಕ್ಸಿ ಚೆನ್ನಾಗಿ ತಾಳುತ್ತದೆ. ಮಧ್ಯಾಹ್ನದ ಕಾವಿನಲ್ಲಿ ತುಂಬಿದರೆ ರಾತ್ರಿ ಕುಗ್ಗುವ ಹೊದಿಕೆ ಅದನ್ನು ಎರಡೂ ಕಡೆಯಿಂದ ಜಗ್ಗುತ್ತದೆ, ಅಂಟು ಬಿಡುವುದು ಜಗ್ಗಿದಾಗಲೇ. ಆದ್ದರಿಂದ ಈ ಸೀಮೆಯಲ್ಲಿ ಚಳಿಗಾಲದ ಮುಂಜಾವು ಇದಕ್ಕೆ ಉತ್ತಮ ಹೊತ್ತು. ತಂಪಿನಲ್ಲಿ ಎಪಾಕ್ಸಿ ನಿಧಾನ ಗಟ್ಟಿಯಾಗುವುದರಿಂದ ಎರಡು ದಿನ ಮುಟ್ಟದೆ ಬಿಡಬೇಕಾಗುತ್ತದೆ, ಅಷ್ಟೆ.

ಗಟ್ಟಿಯಾದ ಮೇಲೆ ತಿಕ್ಕುವ ಕೆಲಸ. 80ರ ಮರಳುಕಾಗದದಿಂದ ಆಕಾರ ತಂದು 120, 220, 320, 400 ಎಂದು ಮೆಲ್ಲಗೆ ಏರಬೇಕು. ರಿಮ್ಮಿನ ಹಿಂಬದಿಯಲ್ಲಿ ಬೆರಳು ಕೂರುವ ಅಲೆಯಾಕಾರದ ಹಿಡಿತಗಳಿದ್ದರೆ ಕಾಗದವನ್ನು ದುಂಡನೆಯ ಕೋಲಿಗೆ ಸುತ್ತಿ ತಿಕ್ಕದಿದ್ದರೆ ಅಲೆಗಳು ಸಪಾಟಾಗಿ ಹೋಗುತ್ತವೆ. ಕಣ್ಣಿಗಿಂತ ಬೆರಳು ಇಲ್ಲಿ ನಂಬಿಕೆಗೆ ಅರ್ಹ: ಕಣ್ಣು ಮುಚ್ಚಿ ರಿಮ್ಮಿನ ಸುತ್ತ ಹೆಬ್ಬೆರಳು ಓಡಿಸಿದಾಗ ತುಂಬಿದ ಜಾಗ ಎಲ್ಲಿದೆಯೆಂದು ತಿಳಿಯಬಾರದು. ಬಣ್ಣದ ವಿಷಯದಲ್ಲಿ ಒಂದು ಎಚ್ಚರ. ಗ್ಯಾರೇಜಿನ ಮಾಮೂಲಿ ಥಿನ್ನರಿನಲ್ಲಿರುವ ಅಸಿಟೋನ್ ಮೊದಲಾದ ದ್ರಾವಕಗಳು ಸೆಲ್ಯುಲೋಸ್ ಅಸಿಟೇಟನ್ನು ಕರಗಿಸುತ್ತವೆ. ನೇರ ಲ್ಯಾಕರ್ ಬಣ್ಣ ಹೊಡೆದರೆ ಮೇಲ್ಮೈ ಸುಕ್ಕುಗಟ್ಟುತ್ತದೆ. ಮೊದಲು ಎಪಾಕ್ಸಿ ಪ್ರೈಮರಿನ ತೆಳು ಪದರ, ಆಮೇಲೆ ತುಂಬುವ ಪ್ರೈಮರು, ಮತ್ತೆ ತಿಕ್ಕಿ, ಕೊನೆಗೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ, ಇದು ಸುರಕ್ಷಿತ ಕ್ರಮ. ಮೂಲ ಬಣ್ಣ ಯಾವುದೆಂದು ಹಾರನ್ ಗುಂಡಿಯ ಅಡಿಯಲ್ಲಿ, ಗುಂಬದ ಹಿಂದೆ, ಬಿಸಿಲು ಮುಟ್ಟದ ಸಂದಿನಲ್ಲಿ ಹುಡುಕಬೇಕು. ಹಳದಿ ತಿರುಗಿದ ಹೊರಮೈಯನ್ನು ನೋಡಿ ಬಣ್ಣ ಬೆರೆಸಿದರೆ ಹೊಸ ಚಕ್ರಕ್ಕೆ ಹುಟ್ಟುವಾಗಲೇ ಮುಪ್ಪು ಬಂದಿರುತ್ತದೆ. ಪಾಲಿಯುರೆಥೇನಿನ ಗಟ್ಟಿಗೊಳಿಸುವ ದ್ರವದಲ್ಲಿ ಐಸೊಸಯನೇಟ್ ಇದೆ. ಅದರ ಮಂಜನ್ನು ಉಸಿರಾಡಿದರೆ ಬಿಡದ ಉಬ್ಬಸ ಅಂಟಿಕೊಳ್ಳಬಹುದು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಸಣ್ಣ ಗ್ಯಾರೇಜುಗಳಲ್ಲಿ ಹದಿಹರೆಯದ ಹುಡುಗರು ಬರಿಮೂಗಿನಲ್ಲಿ ಸ್ಪ್ರೇ ಗನ್ನು ಹಿಡಿಯುವುದು ನಿಲ್ಲಬೇಕು. ಯಾವ ಚಕ್ರವೂ ಒಂದು ಪುಪ್ಪುಸದ ಬೆಲೆ ಬಾಳುವುದಿಲ್ಲ.

ಉಳಿದ ಬಗೆಗಳ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಕಟ್ಟಿಗೆಯ ರಿಮ್ಮು ಹಲವು ತುಂಡುಗಳನ್ನು ಅಂಟಿಸಿ ಮಾಡಿದ್ದು. ಅಂಟು ಬಿಟ್ಟ ಸಂದುಗಳನ್ನು ಬಿಡಿಸಿ ಮರಳಿ ಅಂಟಿಸಬೇಕು, ಕೊಳೆತ ತುಂಡಿನ ಜಾಗಕ್ಕೆ ಎಳೆಯ ದಿಕ್ಕು ಕೂಡುವಂತೆ ಹೊಸ ತುಂಡು ಹಾಕಬೇಕು. ಚನ್ನಪಟ್ಟಣದ ಆಟಿಕೆಗಳ ಅರಗಿನ ಹೊಳಪನ್ನು ಇಲ್ಲಿಗೂ ತರಬೇಕೆಂಬ ಆಸೆ ಸಹಜವೇ, ಆದರೆ ಅರಗು ಕಾರಿನ ಕಾವಿಗೆ ಮೆತ್ತಗಾಗಿ, ತೇವಕ್ಕೆ ಬೆಳ್ಳಗಾಗುತ್ತದೆ. ಅಲ್ಲಿ ವಾರ್ನಿಷೇ ಬೇಕು. ಎಬೊನೈಟನ್ನು ತಿಕ್ಕಿ ಎಣ್ಣೆ ಸವರಿದರೆ ಕಪ್ಪು ಮರಳುತ್ತದೆ, ಬಣ್ಣ ಹೊಡೆಯುವ ಅಗತ್ಯ ಹಲವು ಸಲ ಇರುವುದೇ ಇಲ್ಲ. ಹಾರನ್ನಿನ ಬಳೆ ಬಹುಪಾಲು ಸತುವಿನ ಎರಕ. ಅದರ ಮೇಲೆ ತಾಮ್ರ, ನಿಕ್ಕಲ್, ಕ್ರೋಮಿನ ಪದರಗಳು. ಕ್ರೋಮಿನಡಿ ಎದ್ದ ಗುಳ್ಳೆಗಳನ್ನು ಆಮ್ಲದಲ್ಲಿ ಮುಳುಗಿಸಿ ತೆಗೆಯಹೋದರೆ ಸತುವೇ ಕರಗಿ ಹೋಗುತ್ತದೆ, ಒಂದೊಂದೇ ಗುಳಿಯನ್ನು ಕೆರೆದು ತಾಮ್ರ ತುಂಬಬೇಕು. ಬೆಳ್ಳಿ ಆಭರಣಗಳಿಗೆ ಹೆಸರಾದ ಹುಪರಿಯಲ್ಲಿ ಸಣ್ಣ ತುಂಡನ್ನು ಹೊಳಪಿಸುವ ಸೂಕ್ಷ್ಮವಿದ್ಯೆ ಮನೆಮನೆಯ ಕಸುಬು. ಈ ಕೆಲಸಕ್ಕೆ ಬೇಕಾದ ಕೈ ಅಂಥದ್ದೇ. ಚರ್ಮ ಸುತ್ತಿದ ಚಕ್ರಗಳಿಗೆ ಕೊಲ್ಹಾಪುರಿ ಚಪ್ಪಲಿಯ ಕುಶಲಿಗಳು ನೆನಪಾಗುವುದು ಸರಿಯೇ. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳಿಗೆ ಒಟ್ಟಾಗಿ ಭೌಗೋಳಿಕ ಗುರುತು ಪಡೆದ ಈ ಕಸುಬು ಅಥಣಿ, ನಿಪ್ಪಾಣಿಗಳಲ್ಲೂ ಅಷ್ಟೇ ಗಟ್ಟಿಯಾಗಿದೆ. ಅಟ್ಟೆಗೆ ಬಳಸುವ ದಪ್ಪ ಚರ್ಮ ರಿಮ್ಮಿಗೆ ಬಾಗದು, ಒಂದು ಮಿ.ಮೀ. ಆಸುಪಾಸಿನ ಮೆದು ಚರ್ಮವೇ ಆಗಬೇಕು. ಕೈಹೊಲಿಗೆಯ ಬಿಗಿ, ಸಮಾನ ಅಂತರ, ಅಂಚು ಕಾಣದಂತೆ ಮಡಚುವ ಚಾಕಚಕ್ಯ ಮಾತ್ರ ಆ ಕೈಗಳಿಗೆ ಕಲಿಸಬೇಕಾದದ್ದಲ್ಲ.

ಇಂಥ ದುರಸ್ತಿಗೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸುರಕ್ಷತೆ: ಜೀವವನ್ನೇ ಹಿಡಿದಿರುವ ಭಾಗವನ್ನು ಅಂಟು ಹಾಕಿ ಬಳಸುವುದು ಸರಿಯೇ? ಈ ಆಕ್ಷೇಪ ಗಂಭೀರವಾದದ್ದು, ಉತ್ತರವೂ ಸ್ಪಷ್ಟವಿದೆ. ಚಾಲಕನ ಕೈಬಲವನ್ನು ಕಂಬಕ್ಕೆ ಮುಟ್ಟಿಸುವುದು ಉಕ್ಕಿನ ಬಳೆ, ಕಡ್ಡಿ ಮತ್ತು ಗುಂಬ. ಹೊದಿಕೆ ಕೈಗೆ ಹಿಡಿತ ಕೊಡುತ್ತದೆ, ಭಾರ ಹೊರುವುದಿಲ್ಲ. ಉಕ್ಕು ಗಟ್ಟಿಯಿದ್ದಲ್ಲಿ ಎಪಾಕ್ಸಿ ತುಂಬಿದ ರಿಮ್ಮು ಹೊಸದರಷ್ಟೇ ಭದ್ರ. ಉಕ್ಕು ಸೋತಿದ್ದರೆ, ಕಡ್ಡಿಯ ಬೆಸುಗೆ ಬಿಟ್ಟಿದ್ದರೆ, ಗುಂಬದ ಹಲ್ಲು ಸವೆದಿದ್ದರೆ ಎಷ್ಟೇ ಅಪರೂಪದ ಚಕ್ರವಾದರೂ ಅದು ರಸ್ತೆಗೆ ಮರಳಬಾರದು. ಹಾಗೆಯೇ ಉಕ್ಕಿನ ಬಳೆಯಿಲ್ಲದ ಪೂರ್ಣ ಕಟ್ಟಿಗೆಯ ರಿಮ್ಮುಗಳಲ್ಲಿ ಕಟ್ಟಿಗೆಯೇ ಭಾರ ಹೊರುತ್ತದೆ, ಅಲ್ಲಿ ಅಂಟಿನ ಗುಣಮಟ್ಟ ಜೀವದ ಪ್ರಶ್ನೆ. ಪದರ ಪದರವಾಗಿ ಬಣ್ಣ ಮೆತ್ತಿ ತುಕ್ಕನ್ನು ಮುಚ್ಚುವ ಕೆಲಸವೇ ನಿಜಕ್ಕೂ ಅಪಾಯಕಾರಿ, ಯಾಕೆಂದರೆ ಸೋತ ಬೆಸುಗೆಯನ್ನು ಅದು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಸುರಕ್ಷತೆಯ ಆಕ್ಷೇಪ ಸರಿಯಾಗಿ ನೋಡಿದರೆ ಒಳಗಿನಿಂದ ಹೊರಗೆ ಬರುವ ದುರಸ್ತಿಯ ಪರವಾಗಿಯೇ ನಿಲ್ಲುತ್ತದೆ.

ಎರಡನೆಯ ಆಕ್ಷೇಪ ನೈಜತೆಯದು. ಎಲ್ಲವನ್ನೂ ತಿಕ್ಕಿ ಹೊಸ ಬಣ್ಣ ಹೊಡೆದರೆ ಉಳಿದದ್ದೇನು, ಬಿರುಕು ಬಿಟ್ಟ ಚಕ್ರವೇ ಹೆಚ್ಚು ಪ್ರಾಮಾಣಿಕವಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟುರಿನ್ ಸನ್ನದು ಈ ವಿಷಯದಲ್ಲಿ ಒಳ್ಳೆಯ ದಾರಿ ತೋರುತ್ತದೆ: ಉಳಿಸಬಹುದಾದ ಮೂಲ ವಸ್ತುವನ್ನು ಉಳಿಸಬೇಕು, ಮಾಡಿದ ಬದಲಾವಣೆಯನ್ನು ದಾಖಲಿಸಬೇಕು. ಭಾರತದಲ್ಲಿ 2021ರ ಜುಲೈಯಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಟ್ಟಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಚಾಸಿ, ಬಾಡಿ, ಎಂಜಿನ್ನುಗಳನ್ನು ಬದಲಿಸಿರಬಾರದೆಂದು ಅದು ಹೇಳುತ್ತದೆ. ಚಕ್ರದ ಬಗ್ಗೆ ನಿಯಮ ಸುಮ್ಮನಿದ್ದರೂ ಮಾಲೀಕ ಸುಮ್ಮನಿರಬೇಕಾಗಿಲ್ಲ. ನನ್ನ ಮಟ್ಟಿಗೆ ಉತ್ತರ ಬಳಕೆಯನ್ನು ಅವಲಂಬಿಸಿದೆ. ಧರ್ಮಸ್ಥಳದ ವಾಹನ ಸಂಗ್ರಹದಲ್ಲೋ ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಮ್ಮಿನಲ್ಲೋ ನಿಲ್ಲುವ ಕಾರಿನ ಚಕ್ರದ ಬಿರುಕನ್ನು ತುಂಬದೆ, ಉಕ್ಕಿನ ತುಕ್ಕನ್ನಷ್ಟೇ ತಡೆದು ಹಾಗೆಯೇ ಬಿಡಬಹುದು. ಓಡುವ ಕಾರಿನ ಬಿರುಕು ಪ್ರತಿ ಮಳೆಗಾಲ ಇನ್ನಷ್ಟು ಉಕ್ಕನ್ನು ತಿನ್ನುತ್ತದೆ. ಅದನ್ನು ಮುಚ್ಚುವುದೇ ಮೂಲವನ್ನು ಉಳಿಸುವ ದಾರಿ. ಆದರೆ ದಶಕಗಳ ಕಾಲ ಕೈಗಳು ಹಿಡಿದು ಸವೆದು ನುಣುಪಾದ ಜಾಗವನ್ನು ಪುಟ್ಟಿ ಹಾಕಿ ಮೊದಲಿನ ದಪ್ಪಕ್ಕೆ ತರುವ ಉತ್ಸಾಹ ಅನಗತ್ಯ. ಆ ಸವೆತ ದೋಷವಲ್ಲ, ಅದರಿಂದ ಹಿಡಿತಕ್ಕೂ ಕುಂದಿಲ್ಲ.

ಮೂರನೆಯದು ಹಣದ ಆಕ್ಷೇಪ, ಬಲವಾದದ್ದು ಇದೇ. ಅಂಬಾಸಿಡರಿಗೂ ಫಿಯೆಟ್ಟಿಗೂ ಹೊಂದುವ ಹೊಸ ಚಕ್ರಗಳು ಪೇಟೆಯಲ್ಲಿ ಸಿಗುತ್ತವೆ. ವಾರಗಟ್ಟಲೆಯ ಕೈಕೆಲಸಕ್ಕಿಂತ ಅವು ಅಗ್ಗ. ಟ್ಯಾಕ್ಸಿಯಾಗಿ ದುಡಿಯುವ ಗಾಡಿಗೆ ಈ ಮಾತು ಒಪ್ಪತಕ್ಕದ್ದೇ. ಜೋಪಾನ ಮಾಡುವ ಗಾಡಿಗೆ ಅಲ್ಲ. ನಕಲು ಚಕ್ರಗಳಲ್ಲಿ ಗುಂಬದ ಹಲ್ಲುಗಳು ಮೂಲದ ಕಂಬಕ್ಕೆ ಸರಿಯಾಗಿ ಕೂರುತ್ತವೆಯೇ ಎಂಬುದನ್ನು ಕೂರಿಸಿ ನೋಡಿಯೇ ಅರಿಯಬೇಕಾಗುತ್ತದೆ. ಸಡಿಲ ಕೂತ ಗುಂಬ ಕಂಬದ ಹಲ್ಲನ್ನೂ ತಿನ್ನುತ್ತದೆ. ಅಪರೂಪದ ಮಾದರಿಗಳಿಗೆ ನಕಲೂ ಇಲ್ಲ. ದುರಸ್ತಿಯ ಖರ್ಚಿನಲ್ಲಿ ಸಾಮಗ್ರಿಯ ಪಾಲು ಅಲ್ಪ, ದೊಡ್ಡ ಪಾಲು ಕೈಕೆಲಸದ್ದು. ಎರಕದ ಭಟ್ಟಿಗಳ ಶಿರೋಲಿ, ಗೋಕುಳ ಶಿರಗಾವ್‌ಗಳಲ್ಲಿ ಬೆಸುಗೆಯವರು, ಇಚಲಕರಂಜಿಯಲ್ಲಿ ಲೇಥಿನವರು, ಹುಪರಿಯಲ್ಲಿ ಹೊಳಪಿನವರು ಇರುವಾಗ ಆ ಹಣ ಊರಿನಲ್ಲೇ ಉಳಿಯುತ್ತದೆ. ಇಲ್ಲಿ ಕೊರತೆ ಇರುವುದು ಈ ಕಸುಬುಗಳನ್ನು ಒಂದು ಚಕ್ರದ ಸುತ್ತ ಸೇರಿಸುವ ತಿಳಿವಳಿಕೆಗೆ. ಒಬ್ಬ ಪೇಂಟರು, ಒಬ್ಬ ಮಿಸ್ತ್ರಿ ಇದನ್ನು ಕಲಿತರೆ ಸಾಕು, ಒಂದು ತಾಲೂಕಿನ ಗಾಡಿಗಳಿಗೆ ದಾರಿಯಾಗುತ್ತದೆ.

ಮರಳಿ ಜೋಡಿಸುವಾಗ ಕಂಬದ ಹಲ್ಲುಗಳಿಗೆ ತೆಳುವಾಗಿ ಗ್ರೀಸು ಸವರಿ, ಮೊದಲು ಹಾಕಿಟ್ಟ ಗುರುತುಗಳನ್ನು ಕೂಡಿಸಿ, ಕಾರಿನ ಕೈಪಿಡಿ ಹೇಳಿದ ಬಿಗಿತಕ್ಕೆ ನಟ್ಟನ್ನು ಟಾರ್ಕ್ ಪಾನಾದಿಂದ ಬಿಗಿಯಬೇಕು. ಲಾಕ್ ವಾಷರು ಹಳೆಯದಾಗಿದ್ದರೆ ಹೊಸದು. ಹಾರನ್ನಿನ ತಂತಿಯ ಹೊದಿಕೆ ಹರಿದಿದ್ದರೆ ಚಕ್ರ ತಿರುಗಿಸಿದಾಗಲೆಲ್ಲ ಹಾರನ್ನು ಕೂಗುತ್ತದೆ, ಅದನ್ನೂ ಈಗಲೇ ಬದಲಿಸುವುದು ಲೇಸು. ಖಾಲಿ ಜಾಗದಲ್ಲಿ ನಿಧಾನ ಓಡಿಸಿ, ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ರಸ್ತೆಗಿಳಿಯಬೇಕು. ಪಾಲಿಯುರೆಥೇನ್ ಬಣ್ಣ ಪೂರ್ಣ ಗಟ್ಟಿಯಾಗಲು ಕೆಲವು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ಕವರು ಹಾಕಬಾರದು. ಹಾಕಿದರೆ ಅದರ ಅಚ್ಚು ಬಣ್ಣದಲ್ಲಿ ಮೂಡುತ್ತದೆ. ಆಮೇಲೂ ರೆಗ್ಜಿನ್ ಕವರಿಗಿಂತ, ಗಾಡಿ ನಿಲ್ಲಿಸಿದಾಗ ಚಕ್ರದ ಮೇಲೊಂದು ಹತ್ತಿ ಬಟ್ಟೆ ಹೊದಿಸಿ, ಗಾಜನ್ನು ಒಂದು ಬೆರಳಿನಷ್ಟು ಇಳಿಸಿಟ್ಟರೆ ಕಾವೂ ತೇವವೂ ಎರಡೂ ತಗ್ಗುತ್ತವೆ. ಪೂಜೆಯ ದಿನ ಕುಂಕುಮವನ್ನು ರಿಮ್ಮಿಗೆ ಹಚ್ಚದೆ ಹಾರನ್ನಿನ ಕ್ರೋಮ್ ಬಳೆಗೆ ಹಚ್ಚಿ ಮರುದಿನ ಒರೆಸಿದರೆ ಪದ್ಧತಿಯೂ ನಡೆಯುತ್ತದೆ, ಬಣ್ಣವೂ ಉಳಿಯುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಕಡ್ಡಿಯ ಬುಡಗಳನ್ನು ಬೆಳಕಿನಲ್ಲಿ ನೋಡಿ ಕೂದಲೆಳೆಯ ಗೆರೆ ಕಂಡರೆ ಅಲ್ಲಿಗೇ ತೆಳು ಎಪಾಕ್ಸಿ ಇಳಿಸಬೇಕು. ಹೊಸ ಬಿರುಕು ಉಕ್ಕನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದರೆ ಚಕ್ರವನ್ನು ಕಳಚುವ ಪ್ರಮೇಯವೇ ಬರುವುದಿಲ್ಲ.